ಬೀದಿಗೆ ಮುಖವಿಟ್ಟ ಜಗಲಿ

ಹೊಸ ಊರಿನಲ್ಲಿ ಬಸ್ಸಿನಿಂದಿಳಿದು ದಾರಿ ಕೇಳಿದರೆ, "ಇಗರ್ಜಿಯ ಎದುರಿನ ಓಣಿ" ಎಂದೋ, "ಚರ್ಚು ದಾಟಿದ ಮೇಲೆ ಎಡಕ್ಕೆ" ಎಂದೋ ಗುರುತು ಹೇಳುವವರು ನಮ್ಮ ನಾಡಿನ ಎಷ್ಟೋ ಪಟ್ಟಣಗಳಲ್ಲಿ ಸಿಗುತ್ತಾರೆ. ಹಾಗೆ ಗುರುತು ಹೇಳಿದವರನ್ನೇ, "ನೀವು ಎಂದಾದರೂ ಅದರ ಒಳಗೆ ಹೋಗಿದ್ದೀರಾ?" ಎಂದು ಕೇಳಿದರೆ ಬಹುಮಂದಿ ಇಲ್ಲವೆನ್ನುತ್ತಾರೆ. ಕೆಲವರು ಸಂಕೋಚದಿಂದ, "ನಮ್ಮಂಥವರು ಹೋಗಬಹುದೇ?" ಎಂದು ಮರುಪ್ರಶ್ನೆ ಹಾಕುತ್ತಾರೆ. ನೂರು ನೂರೈವತ್ತು ವರ್ಷಗಳಿಂದ ಊರಿನ ನಡುವೆ ನಿಂತಿರುವ ಕಟ್ಟಡ. ಅದರ ಗಂಟೆಯ ಸದ್ದಿಗೆ ಊರು ತನ್ನ ಹೊತ್ತನ್ನು ಅಳೆದುಕೊಂಡಿದೆ. ಆದರೂ ಅದರ ಬಾಗಿಲ ಬಳಿಗೆ ಊರಿನ ಕಾಲು ಸುಳಿದಿಲ್ಲ. ಊರಿನಲ್ಲಿ ಇರುವುದು ಬೇರೆ, ಊರಿಗೆ ಸೇರುವುದು ಬೇರೆ. ಈ ಅಂತರವನ್ನು ಕಟ್ಟಡ ಕಟ್ಟುವವನು ಹೇಗೆ ಎದುರಿಸಬೇಕು ಎಂಬುದನ್ನು, ನನ್ನದೇ ಒಂದು ಅನುಭವವನ್ನು ಮುಂದಿಟ್ಟುಕೊಂಡು, ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ನಾನು ವೃತ್ತಿಯಿಂದ ಕಟ್ಟಡಗಳ ನಕ್ಷೆ ಬರೆಯುವವನು. ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ಶಾಲೆಗೆ ಹೋಗುವ ದಾರಿಯಲ್ಲಿ ನಿತ್ಯವೂ ಒಂದು ಇಗರ್ಜಿಯನ್ನು ದಾಟಿ ಹೋಗುತ್ತಿದ್ದೆ. ನಮ್ಮ ಮನೆಯವರು ಆ ಮತಕ್ಕೆ ಸೇರಿದವರಲ್ಲ. ಒಳಗೆ ಹೋಗಬಾರದೆಂದು ಯಾರೂ ಹೇಳಿರಲಿಲ್ಲ, ಹೋಗಬಹುದೆಂದೂ ಹೇಳಿರಲಿಲ್ಲ. ಜೂನ್ ತಿಂಗಳ ಒಂದು ಮಧ್ಯಾಹ್ನ ಕೊಡೆ ಮುರಿದು, ಮಳೆಗೆ ಹೆದರಿ, ಅದರ ಮುಂದಿನ ಹೆಂಚಿನ ಸೂರಿನ ಕೆಳಗೆ ಓಡಿ ನಿಂತೆ. ಅಲ್ಲಿ ಕಸ ಗುಡಿಸುತ್ತಿದ್ದ ಮುದುಕ ನನ್ನನ್ನು ನೋಡಿ, "ಅಲ್ಲಿ ಇರಿಚಲು ಹೊಡೆಯುತ್ತದೆ, ಇತ್ತ ಸರಿದು ಕೂತುಕೋ" ಎಂದ. ಅಷ್ಟೇ. ಅವನು ನನ್ನ ಹೆಸರು ಕೇಳಲಿಲ್ಲ. ಒಂದು ಕಟ್ಟಡ ನನ್ನನ್ನು ಬರಮಾಡಿಕೊಂಡಿತೆಂಬ ಭಾವನೆ ನನಗೆ ಬಂದದ್ದು ಅದೇ ಮೊದಲು. ಈ ನೆನಪನ್ನು ನಾನು ವೃತ್ತಿಗೆ ಇಳಿದ ಮೇಲೆ ಬಹುಕಾಲ ಮರೆತಿದ್ದೆ.

ಸುಮಾರು 25 ವರ್ಷಗಳ ಹಿಂದೆ ಮಲೆನಾಡಿನ ಅಂಚಿನ ಒಂದು ಪಟ್ಟಣದ ಕ್ರೈಸ್ತ ಸಭೆಯವರು ನನ್ನನ್ನು ಕರೆಸಿಕೊಂಡರು. ಅವರ ದೇವಾಲಯ ಚಿಕ್ಕದು, ಹಳೆಯದು. ಅದನ್ನು ಮುಟ್ಟುವ ಇಚ್ಛೆ ಯಾರಿಗೂ ಇರಲಿಲ್ಲ. ಅದರ ಪಕ್ಕದಲ್ಲಿ, ಪೇಟೆಯ ರಸ್ತೆಗೆ ಹೊಂದಿಕೊಂಡಂತೆ ಒಂದು ಖಾಲಿ ನಿವೇಶನವಿತ್ತು. ಅಲ್ಲಿ ಒಂದು ಸಮುದಾಯ ಭವನ ಬೇಕೆಂದರು: 300 ಜನ ಕೂರುವ ಸಭಾಂಗಣ, ಮದುವೆಯ ಊಟಕ್ಕೆ ಅಡಿಗೆಮನೆ, ಮಕ್ಕಳ ಭಾನುವಾರದ ಪಾಠಕ್ಕೆ ಎರಡು ಕೋಣೆ, ಸುತ್ತಲೂ 8 ಅಡಿ ಎತ್ತರದ ಆವರಣ ಗೋಡೆ. ಆ ನಿವೇಶನದ ಹಳೆಯ ಗೋಡೆ ಎರಡು ಕಡೆ ಬಿದ್ದುಹೋಗಿತ್ತು. ಬಿದ್ದ ಜಾಗದಿಂದ ಜಾಗಕ್ಕೆ ಒಂದು ಕಾಲುದಾರಿ ಬೆಳೆದಿತ್ತು. ವಾರದ ಸಂತೆಗೆ ಬಂದವರು ಸರಕಾರಿ ಆಸ್ಪತ್ರೆಗೆ ಹೋಗಲು ಅದೇ ಹತ್ತಿರದ ದಾರಿ. ನಾನು ಸ್ಥಳ ಅಳೆಯುತ್ತಿದ್ದಾಗಲೇ ಮಗುವನ್ನು ಹೆಗಲಿಗೆ ಹಾಕಿಕೊಂಡ ಒಬ್ಬಾಕೆ ನನ್ನ ಅಳತೆಯ ಪಟ್ಟಿಯನ್ನು ದಾಟಿಕೊಂಡು ಹೋದದ್ದು ನೆನಪಿದೆ. ಆದರೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾನು ಆ ದಾರಿಯನ್ನು ಗುರುತಿಸಲಿಲ್ಲ. ಗೋಡೆ ಎದ್ದ ಮೇಲೆ ಅದು ಇರುವುದಿಲ್ಲವಷ್ಟೆ!

ತಿಂಗಳೊಳಗೆ ನಕ್ಷೆ ಸಿದ್ಧವಾಯಿತು. ಸಭಾಂಗಣದ ಮುಂಭಾಗಕ್ಕೆ ಚೂಪು ಕಮಾನುಗಳನ್ನು ಕೊಟ್ಟಿದ್ದೆ. ಮೇಲೊಂದು ಚಿಕ್ಕ ಗೋಪುರವಿತ್ತು. ಮುಖ ದೇವಾಲಯದ ಕಡೆಗೆ. ಭವನದಿಂದ ಹೊರಬಂದವರು ನೇರವಾಗಿ ದೇವಾಲಯವನ್ನು ಕಾಣಬೇಕೆಂಬುದು ನನ್ನ ತರ್ಕ. ಸಭೆಯ ಹಿರಿಯರು ಮೆಚ್ಚಿಕೊಂಡರು. "ಈಗ ನೋಡಿ, ಚರ್ಚಿನ ಕಟ್ಟಡವೆಂದು ಯಾರಾದರೂ ಹೇಳಬಹುದು" ಎಂದರು ಒಬ್ಬರು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಕನ್ನಡಕವನ್ನು ಸರಿಮಾಡಿಕೊಂಡು ನಕ್ಷೆಯ ಬಳಿಗೆ ಬಂದರು. ಬೆರಳಿನಿಂದ ಪೇಟೆಯ ರಸ್ತೆಯ ಗೆರೆಯನ್ನು ತೋರಿಸಿ, "ಇಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ?" ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ನನ್ನ ಬಾಯಿ ಕಟ್ಟಿತು. ರಸ್ತೆಯ ಕಡೆಗೆ ನಾನು ಇಟ್ಟಿದ್ದುದು ಅಡಿಗೆಮನೆಯ ಹೊಗೆಕಂಡಿ ಮತ್ತು ಶೌಚಾಲಯದ ಕಿಟಕಿಗಳು. ಅವುಗಳ ಮುಂದೆ 8 ಅಡಿಯ ಗೋಡೆ. "ಹಾಗಾದರೆ ಈ ಕಟ್ಟಡ ಊರಿಗೆ ಬೆನ್ನು ಹಾಕಿದೆ" ಎಂದು ಆಕೆ ಹೇಳಿದರು. ಆ ಮಾತಿನಲ್ಲಿ ಆಕ್ಷೇಪವಿರಲಿಲ್ಲ; ಮಗುವಿನ ಲೆಕ್ಕದಲ್ಲಿ ತಪ್ಪು ಕಂಡ ಉಪಾಧ್ಯಾಯರ ಸಮಾಧಾನವಿತ್ತು. ನಾನು ನಕ್ಷೆಯನ್ನು ಸುತ್ತಿಕೊಂಡು ಊರಿಗೆ ಮರಳಿದೆ.

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಇಗರ್ಜಿಗೂ ಊರಿಗೂ ಇರುವ ನಂಟು ಯಾವುದರಿಂದ ಏರ್ಪಡುತ್ತದೆ? ಮೊದಲು ಹೊಳೆಯುವ ಉತ್ತರ ಗೋಪುರ. ಮೈಸೂರಿನ ಸಂತ ಫಿಲೋಮಿನಾ ದೇವಾಲಯವನ್ನು ತಾವೆಲ್ಲರೂ ಬಲ್ಲಿರಿ. 1933ರಲ್ಲಿ ಅದರ ಅಸ್ತಿಭಾರದ ಕಲ್ಲನ್ನು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಸುಮಾರು 175 ಅಡಿ ಎತ್ತರದ ಅದರ ಎರಡು ಗೋಪುರಗಳು ದೂರದಿಂದಲೇ ಕಾಣುತ್ತವೆ. ಮೈಸೂರಿನ ಚಿತ್ರವನ್ನು ನೆನೆದವರಿಗೆ ಅರಮನೆ, ಚಾಮುಂಡಿ ಬೆಟ್ಟಗಳ ಜೊತೆಗೆ ಅವೂ ನೆನಪಾಗುತ್ತವೆ. ಅನ್ಯಮತದ ಅರಸರು ಕಲ್ಲಿಟ್ಟು ಹರಸಿದ ಆ ಕಟ್ಟಡ ಊರಿನ ಹೆಮ್ಮೆಯೇ ಸರಿ. ಆದರೆ ಗೋಪುರದ ನಂಟು ಕಣ್ಣಿನ ನಂಟು. ಅದು ದೂರದಲ್ಲಿದ್ದವನಿಗೆ ಸಲ್ಲುವಂಥದು. ಹತ್ತಿರ ಬಂದವನು ತಲೆಯೆತ್ತಿ ನೋಡಿ ಮುಂದಕ್ಕೆ ನಡೆಯುತ್ತಾನೆ. ಸಮುದಾಯ ಭವನವೆಂಬುದು ಜನ ಕೂಡುವ, ಉಣ್ಣುವ, ಮಾತನಾಡುವ ಕಟ್ಟಡ. ಅದರ ನಂಟು ಕಾಲಿನದು, ಕೂರುವ ಮೈಯಿನದು. ಅಲ್ಲಿ ಗೋಪುರದ ಎತ್ತರಕ್ಕಿಂತ ಮೆಟ್ಟಿಲಿನ ಎತ್ತರ ಮುಖ್ಯವಾಗುತ್ತದೆ.

ಎರಡನೆಯ ಉತ್ತರ, ಕಟ್ಟಡದ ರೂಪ ಈ ನೆಲದ್ದಾಗಿರಬೇಕು ಎಂಬುದು. ಇದಕ್ಕೆ ದೊಡ್ಡ ನಿದರ್ಶನ ಇಂದು ತೆಲಂಗಾಣಕ್ಕೆ ಸೇರಿರುವ ದೋರ್ನಕಲ್ಲಿನ ಪ್ರಧಾನ ದೇವಾಲಯ. ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಅವರು 1912ರಲ್ಲಿ ಆಂಗ್ಲಿಕನ್ ಸಭೆಯ ಮೊಟ್ಟಮೊದಲ ಭಾರತೀಯ ಬಿಷಪ್ಪರಾದವರು. ಅವರು ತಮ್ಮ ದೇವಾಲಯಕ್ಕೆ ಇಂಗ್ಲೆಂಡಿನ ನಕಲು ಬೇಡವೆಂದರು. ದೇವಸ್ಥಾನದ ಮಂಟಪವನ್ನು ನೆನಪಿಸುವ ಕಂಬಗಳೂ, ಮಸೀದಿಯನ್ನು ನೆನಪಿಸುವ ಗುಮ್ಮಟಗಳೂ ಒಂದೇ ಸೂರಿನಲ್ಲಿ ಸೇರಿದವು. ಕೆಲಸ ಬಹುವರ್ಷ ನಡೆದು 1939ರಲ್ಲಿ ಅದರ ಪ್ರತಿಷ್ಠೆಯಾಯಿತು. ಪರದೇಶದ ಧರ್ಮವೆಂಬ ಮಾತಿಗೆ ಕಲ್ಲಿನಲ್ಲೇ ಕೊಟ್ಟ ಉತ್ತರ ಅದು. ನನ್ನ ಚೂಪು ಕಮಾನುಗಳನ್ನು ನೆನೆದು ನಾನು ನಾಚಿಕೊಂಡೆ. ಸ್ವಾತಂತ್ರ್ಯಕ್ಕೆ ಮೊದಲೇ ಅಜರಯ್ಯನವರು ದಾಟಿದ್ದ ಹೊಳೆಯನ್ನು ನಾನು ಇನ್ನೂ ದಡದಲ್ಲಿ ನಿಂತು ನೋಡುತ್ತಿದ್ದೆ.

ಆದರೆ ನಮ್ಮ ಮಲೆನಾಡಿನ ಚಿಕ್ಕ ಪಟ್ಟಣಕ್ಕೆ ಗುಮ್ಮಟವಾಗಲಿ ಕೆತ್ತನೆಯ ಕಂಬವಾಗಲಿ ಎಲ್ಲಿಂದ? ಅಲ್ಲಿಯ ರೂಪ ಯಾವುದು? ಈ ಪ್ರಶ್ನೆಗೆ ಉತ್ತರ ನನ್ನ ಹುಟ್ಟೂರಿನಲ್ಲೇ, ತಲೆಯ ಮೇಲೆಯೇ ಇತ್ತು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಅಚ್ಚಾದ ನಿಘಂಟಿನ ಕಿಟ್ಟೆಲ್ ಇವರ ಹೆಸರುಗಳು ಸಾಹಿತ್ಯಪ್ರಿಯರಾದ ತಮಗೆ ಹೊಸತಲ್ಲ. ಆದರೆ ಅದೇ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದುದನ್ನು ನೆನೆಯುವವರು ಕಡಿಮೆ. ಮತಾಂತರವಾಗಿ ಮನೆಯನ್ನೂ ಕುಲಕಸುಬನ್ನೂ ಕಳೆದುಕೊಂಡವರಿಗೆ ಉದ್ಯೋಗ ಕಲ್ಪಿಸಬೇಕಾಗಿತ್ತು, ನದಿಯ ಜೇಡಿ ಕೈಗೆ ಸಿಗುವಂತಿತ್ತು, ಹೆಂಚು ಹುಟ್ಟಿತು. ಮುಂದೆ ಹಲವು ಮತಗಳ ಹಲವು ಮಂದಿ ಕಾರ್ಖಾನೆಗಳನ್ನು ತೆರೆದರು. ಕೆಂಪು ಹೆಂಚು ಘಟ್ಟ ಹತ್ತಿತು, ಕಡಲು ದಾಟಿತು. ಗುಡಿಯ ಮೇಲೆ, ಮಸೀದಿಯ ಮೇಲೆ, ಶಾಲೆಯ ಮೇಲೆ, ಅಡಿಕೆ ಬೆಳೆಗಾರನ ಮನೆಯ ಮೇಲೆ ಅದೇ ಹೆಂಚು. ಒಂದು ಚಿಕ್ಕ ಸಮುದಾಯ ತನ್ನ ಅನ್ನಕ್ಕಾಗಿ ಮಾಡಿದ್ದು ಎಲ್ಲರ ಸೂರಾಯಿತು. ನಮ್ಮ ಕಡೆ "ಚರ್ಚಿನ ಕಟ್ಟಡ" ಎನ್ನಿಸಿಕೊಳ್ಳಲು ಚೂಪು ಕಮಾನು ಏತಕ್ಕೆ? ಇಳಿಜಾರಾದ ಒಂದು ಹೆಂಚಿನ ಮಾಡು ಸಾಕಲ್ಲವೇ? ಅದರಲ್ಲಿ ಆ ಸಭೆಯ ಚರಿತ್ರೆಯೂ ಇದೆ, ಊರಿನ ಚರಿತ್ರೆಯೂ ಇದೆ.

ಹೆಂಚಿನ ಮಾಡನ್ನು ನೆನೆದೊಡನೆ ಮಳೆಯ ಆ ಮಧ್ಯಾಹ್ನವೂ, ಕಸ ಗುಡಿಸುವ ಮುದುಕನೂ ನೆನಪಿಗೆ ಬಂದರು. ನನ್ನನ್ನು ಅಂದು ಬರಮಾಡಿಕೊಂಡದ್ದು ದೇವಾಲಯದ ಒಳಗಲ್ಲ, ಹೊರಗೂ ಅಲ್ಲ. ಎರಡರ ನಡುವಣ ಸೂರಿನ ಕೆಳಗಣ ಜಾಗ. ನಮ್ಮ ಮನೆಗಳಲ್ಲಿ ಅದಕ್ಕೆ ಜಗಲಿ ಎಂದು ಹೆಸರು. ದಾರಿಹೋಕ ಯಾರ ಅಪ್ಪಣೆಯನ್ನೂ ಕೇಳದೆ ಕೂರಬಹುದಾದ, ಮನೆಯೊಡೆಯ ಯಾರನ್ನೂ ಒಳಗೆ ಕರೆಯದೆ ಉಪಚರಿಸಬಹುದಾದ ಸ್ಥಳ. ಗುಡಿಗೆ ಮುಖಮಂಟಪವಿದೆ, ಊರಿಗೆ ಅರಳಿಕಟ್ಟೆಯಿದೆ. ಇಂಥ ನಡುವಣ ಜಾಗವಿಲ್ಲದ ಕಟ್ಟಡ ಬರುವವನನ್ನು ಬಾಗಿಲಲ್ಲೇ ತಡೆದು "ನೀನು ನಮ್ಮವನೋ ಅಲ್ಲವೋ?" ಎಂದು ಕೇಳುತ್ತದೆ. ಜಗಲಿ ಆ ಪ್ರಶ್ನೆಯನ್ನು ಮುಂದಕ್ಕೆ ಹಾಕುತ್ತದೆ. ಎಷ್ಟೋ ಸಲ ಕೇಳುವುದನ್ನೇ ಮರೆಯುತ್ತದೆ.

ಎರಡನೆಯ ನಕ್ಷೆಯಲ್ಲಿ ಭವನವನ್ನು ತಿರುಗಿಸಿದೆ. ಅಡಿಗೆಮನೆ, ಶೌಚಾಲಯಗಳು ಹಿಂಬದಿಗೆ ಹೋದವು. ಪೇಟೆಯ ರಸ್ತೆಯ ಉದ್ದಕ್ಕೂ 60 ಅಡಿ ಉದ್ದದ, 9 ಅಡಿ ಅಗಲದ ಜಗಲಿ. ಅದರ ಮೇಲೆ ತಗ್ಗಾಗಿ ಇಳಿದ ಹೆಂಚಿನ ಸೂರು. ಗೋಡೆಯುದ್ದಕ್ಕೂ ಹಾಸುಗಲ್ಲಿನ ಕಟ್ಟೆ. ಆವರಣ ಗೋಡೆಯನ್ನು ಎರಡೂವರೆ ಅಡಿಗೆ ಇಳಿಸಿದೆ. ಕಾಲುದಾರಿಯನ್ನು ಹಾಗೆಯೇ ಉಳಿಸಿ, ಕಲ್ಲು ಹಾಸಿ, ಭವನಕ್ಕೂ ದೇವಾಲಯಕ್ಕೂ ನಡುವೆ ಹಾಯುವಂತೆ ಮಾಡಿದೆ. ಸಭಾಂಗಣದ ಎರಡು ಕಡೆಯ ಬಾಗಿಲುಗಳನ್ನು ಎದುರುಬದುರು ಇಟ್ಟೆ; ತೆರೆದಿದ್ದಾಗ ಸಂತೆಯ ರಸ್ತೆಯಲ್ಲಿ ನಿಂತವನಿಗೆ ಭವನದ ಮೂಲಕ ಹಾದು ದೇವಾಲಯದ ಗಂಟೆಯ ಕಂಬ ಕಾಣಬೇಕು. ನನ್ನ ಮಟ್ಟಿಗೆ ನಾನು ಬಹಳ ಸಂತೋಷಪಟ್ಟಿದ್ದೆ.

ಹಿರಿಯರ ಸಭೆ ಸಂತೋಷಪಡಲಿಲ್ಲ. ಮೊದಲ ನಕ್ಷೆಯನ್ನು ಮೆಚ್ಚಿದ್ದ ಅದೇ ಹಿರಿಯರು ಎದ್ದು ನಿಂತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ಸ್ವಾಮಿ, ನೀವು ಬರೆದು ಹೊರಟುಹೋಗುತ್ತೀರಿ. ರಾತ್ರಿ ಇಲ್ಲಿ ಮಲಗುವವರು ನಾವು. ಈ ಊರಿನಲ್ಲಿ ನಮ್ಮದು ಎಪ್ಪತ್ತು ಮನೆ. ನಿಮಗೆ ಗೋಡೆಯೆಂದರೆ ಬೆನ್ನು, ನಮಗೆ ಅದು ಹೊದಿಕೆ." ಯಾರೂ ಮಾತನಾಡಲಿಲ್ಲ. ಶಿಕ್ಷಕಿಯೂ ತಲೆ ತಗ್ಗಿಸಿದ್ದರು. ನಾನು ಅವರ ಗೋಡೆಯನ್ನು ಅಹಂಕಾರವೆಂದು ತಿಳಿದಿದ್ದೆ. ಸಣ್ಣ ಸಮುದಾಯಕ್ಕೆ ಗೋಡೆ ಬೇಕೆನಿಸುವುದು ಬಹುಮಟ್ಟಿಗೆ ಭಯದಿಂದ. ಭಯವನ್ನು ಸಂಕುಚಿತ ಬುದ್ಧಿಯೆಂದು ಹೀಗಳೆಯುವುದು, ಭಯಪಡುವ ಕಾರಣವಿಲ್ಲದವನಿಗೆ ಬಹಳ ಸುಲಭ.

ಆಗ ನನ್ನ ನೆರವಿಗೆ ಬಂದದ್ದು ವಿದ್ಯಾರ್ಥಿಯಾಗಿದ್ದಾಗ ನಕ್ಷೆಗಳಲ್ಲಿ ಅಭ್ಯಾಸ ಮಾಡಿದ್ದ ಒಂದು ದೂರದ ಕಟ್ಟಡ. ಇಂಗ್ಲೆಂಡಿನ ಕಾವೆಂಟ್ರಿ ನಗರದ ಮೇಲೆ 1940ರ ನವೆಂಬರ್ 14ರ ರಾತ್ರಿ ಜರ್ಮನಿಯ ವಿಮಾನಗಳು ಬಾಂಬಿನ ಮಳೆಗರೆದವು. ಅಲ್ಲಿಯ ಮಧ್ಯಯುಗದ ದೇವಾಲಯ ಸುಟ್ಟು, ಗೋಪುರ ಮತ್ತು ಹೊರಗೋಡೆಗಳು ಮಾತ್ರ ಉಳಿದವು. ಹೊಸ ದೇವಾಲಯಕ್ಕಾಗಿ ಸ್ಪರ್ಧೆ ಏರ್ಪಟ್ಟು, ಬಂದ 219 ನಕ್ಷೆಗಳಲ್ಲಿ ಬೆಸಿಲ್ ಸ್ಪೆನ್ಸ್ ಅವರದು 1951ರಲ್ಲಿ ಆಯ್ಕೆಯಾಯಿತು. ಸ್ಪೆನ್ಸ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ, 1907ರಲ್ಲಿ. ಅವರು ಹಾಳುಬಿದ್ದ ಹಳೆಯ ಗೋಡೆಗಳನ್ನು ಕೆಡವಲಿಲ್ಲ. ಆಕಾಶಕ್ಕೆ ತೆರೆದ ಅಂಗಳವನ್ನಾಗಿ ಹಾಗೆಯೇ ಉಳಿಸಿದರು. ಅದರ ಪಕ್ಕದಲ್ಲಿ ಹೊಸದನ್ನು ಎಬ್ಬಿಸಿ, ಎರಡನ್ನೂ ಎತ್ತರವಾದ ಒಂದು ಮುಖಮಂಟಪದಿಂದ ಜೋಡಿಸಿದರು. ಹಾಳಿನ ಕಡೆಗೆ ಮುಖಮಾಡಿದ ಹೊಸ ದೇವಾಲಯದ ಗೋಡೆ ಪೂರ್ತಿಯಾಗಿ ಗಾಜಿನದು. ಅದರ ಮೇಲೆ ಜಾನ್ ಹಟನ್ ಎಂಬ ಕಲಾವಿದರು ಸಂತರನ್ನೂ ದೇವದೂತರನ್ನೂ ಕೊರೆದರು. ಬೆಂಕಿಯ ಮಳೆಯನ್ನು ಕಂಡ ಊರು ದಪ್ಪ ಗೋಡೆಯನ್ನು ಕಟ್ಟಿಕೊಳ್ಳಬಹುದಿತ್ತು. ಅದು ಗಾಜನ್ನು ಆರಿಸಿಕೊಂಡಿತು. 1962ರ ಮೇ 25ರಂದು ಅದರ ಪ್ರತಿಷ್ಠೆಯಾಯಿತು.

ಈ ಕಥೆಗೆ ಇನ್ನೊಂದು ಮುಖವೂ ಇದೆ, ಅದನ್ನು ಮರೆಯಬಾರದು. 1954ರಲ್ಲಿ ಕಾವೆಂಟ್ರಿಯ ನಗರಸಭೆಯೇ ಈ ನಿರ್ಮಾಣಕ್ಕೆ ಪರವಾನಗಿ ಕೊಡಬಾರದೆಂದು ಸರಕಾರವನ್ನು ಕೇಳಿಕೊಂಡಿತ್ತು. ಜನಕ್ಕೆ ಮನೆಗಳಿಲ್ಲ, ಮಕ್ಕಳಿಗೆ ಶಾಲೆಗಳಿಲ್ಲ. ಇಟ್ಟಿಗೆಯೂ ಕೆಲಸಗಾರರೂ ಮೊದಲು ಅಲ್ಲಿಗೆ ಸಲ್ಲಬೇಕೆಂಬುದು ಅದರ ವಾದ. ಮಂತ್ರಿಗಳು ಪರವಾನಗಿ ಕೊಟ್ಟರು. ಆದರೂ, "ನಿಮ್ಮ ಈ ಕಟ್ಟಡದಿಂದ ಊರಿಗೇನು?" ಎಂಬ ಪ್ರಶ್ನೆ ಪರವಾನಗಿಯಿಂದ ಮುಗಿಯುವಂಥದಲ್ಲ. ಸ್ಪೆನ್ಸ್ ಅವರ ನಕ್ಷೆಯಲ್ಲಿ ಅದಕ್ಕೊಂದು ನಮ್ರ ಉತ್ತರವಿದೆ. ಅದು ದುಡಿಮೆಗಾರರ ಊರು, ಮೋಟಾರು ಕಾರ್ಖಾನೆಗಳ ಊರು. ದೇವಾಲಯದ ಬದಿಯಲ್ಲಿ ಕೈಗಾರಿಕೆಗೆಂದೇ ದುಂಡನೆಯ ಒಂದು ಚಿಕ್ಕ ಪ್ರಾರ್ಥನಾಮಂದಿರವಿದೆ. ಪ್ರಧಾನ ದೇವಾಲಯದ ಕಿಟಕಿಗಳಲ್ಲಿ ಬಣ್ಣಬಣ್ಣದ ಗಾಜು; ಇಲ್ಲಿ ಮಾತ್ರ ಬಣ್ಣವಿಲ್ಲದ ತಿಳಿಗಾಜು. ಪ್ರಾರ್ಥನೆಗೆ ಕುಳಿತವರ ಕಣ್ಣಿಗೆ ಊರು ಕಾಣುತ್ತಿರಬೇಕು ಎಂಬುದು ಅದರ ಅರ್ಥ.

ಮುಂದಿನ ಸಭೆಯಲ್ಲಿ ನಾನು ಇದನ್ನೆಲ್ಲ ವಿವರಿಸಿದಾಗ ಆ ಹಿರಿಯರು ತಾಳ್ಮೆಯಿಂದ ಕೇಳಿ, "ಗಾಜು ನಮ್ಮ ಊರಿಗೆ ಬೇಡ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವಿನಿಂದ ಮಾತು ಹಗುರವಾಯಿತು. ಗಾಜು ಬೇಡ, ಗೋಡೆಯೂ ಬೇಡ. ಒಳಗಿನವರು ಹೊರಗನ್ನು ಕಾಣಬೇಕು, ಆದರೆ ಬಯಲಿಗೆ ಬಿದ್ದಂತೆ ಆಗಬಾರದು. ಇಂಥದನ್ನು ನಮ್ಮ ಶಿಲ್ಪಿಗಳು ಎಂದೋ ಸಾಧಿಸಿದ್ದರು. ಬೇಲೂರಿನ ಚೆನ್ನಕೇಶವ ದೇವಾಲಯದ ಕಂಬಗಳ ನಡುವಣ ಜಾಲಂಧ್ರಗಳನ್ನು ನೆನೆಯಿರಿ. ಕಲ್ಲಿನ ತೆರೆ ಅದು. ಬೆಳಕು ಸೋಸಿ ಬರುತ್ತದೆ, ಗಾಳಿ ಸುಳಿಯುತ್ತದೆ, ಒಳಗಿನ ಗೌರವವೂ ಉಳಿಯುತ್ತದೆ. ಅದನ್ನೇ ಬರಿಯ ಇಟ್ಟಿಗೆಯಲ್ಲಿ, ಬಡವರ ಹಣದಲ್ಲಿ ಮಾಡಿ ತೋರಿಸಿದವರು ಲಾರಿ ಬೇಕರ್. ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತದ ಪ್ರಜೆಯಾಗಿ, 2007ರಲ್ಲಿ ತಿರುವನಂತಪುರದಲ್ಲಿ ಕಾಲವಾದ ಈ ವಾಸ್ತುಶಿಲ್ಪಿ, ಅದೇ ಊರಿನ ಶ್ರೀಕಾರ್ಯಂನಲ್ಲಿ 1970ರ ದಶಕದ ಆದಿಯಲ್ಲಿ ಲೊಯೋಲಾ ವಿದ್ಯಾಸಂಸ್ಥೆಗೆ ಪ್ರಾರ್ಥನಾಮಂದಿರವನ್ನೂ ಸಭಾಂಗಣವನ್ನೂ ಕಟ್ಟಿದರು. ಅದರ ಎತ್ತರವಾದ ಜೋಡಿ ಗೋಡೆಗಳ ತುಂಬ ಇಟ್ಟಿಗೆಯ ಸಂದುಗಳು. ದುಬಾರಿ ಕಿಟಕಿಯ ಚೌಕಟ್ಟುಗಳು ಬೇಕಿಲ್ಲ, ಗೋಡೆಯೇ ಉಸಿರಾಡುತ್ತದೆ.

ಹೀಗೆ ಮೂರನೆಯ ನಕ್ಷೆ ಹುಟ್ಟಿತು. ಅದನ್ನು ನಾನೊಬ್ಬನೇ ಬರೆದೆನೆಂದು ಹೇಳಲಾರೆ. ಜಗಲಿ ಉಳಿಯಿತು. ಅದರ ಹಿಂದಿನ ಗೋಡೆ ಇಟ್ಟಿಗೆಯ ಜಾಲಂಧ್ರವಾಯಿತು. ಒಳಗಿನ ಹಾಡು ಹೊರಕ್ಕೆ ಕೇಳುತ್ತದೆ, ಹೊರಗಿನ ಸಂತೆಯ ಗದ್ದಲ ಮೆತ್ತಗಾಗಿ ಒಳಕ್ಕೆ ಬರುತ್ತದೆ. ಸಭಾಂಗಣದ ಬಾಗಿಲುಗಳು ಭದ್ರವಾದವು, ರಾತ್ರಿ ಬೀಗ ಹಾಕುವಂಥವು. ಅದಕ್ಕೆ ನಾನು ಮನಃಪೂರ್ವಕವಾಗಿ ಒಪ್ಪಿದೆ. ತಗ್ಗು ಗೋಡೆ ರಸ್ತೆಯ ಕಡೆ ಮಾತ್ರ. ಸಭಾಪಾಲಕರ ಮನೆಯ ಸುತ್ತ ಎತ್ತರದ ಗೋಡೆಯೇ ಇರಲೆಂದು ತೀರ್ಮಾನವಾಯಿತು. ಜಗಲಿಯ ಎರಡು ತುದಿಗಳಲ್ಲಿ ರಾತ್ರಿಯೆಲ್ಲ ಉರಿಯುವ ದೀಪಗಳಿರಬೇಕೆಂದು ಸೂಚಿಸಿದವರು, ವಿರೋಧಿಸಿದ್ದ ಆ ಹಿರಿಯರೇ. ಕತ್ತಲೆಯ ಎತ್ತರದ ಗೋಡೆಗಿಂತ ಬೆಳಕಿರುವ, ನಾಲ್ಕು ಜನ ಓಡಾಡುವ ಜಗಲಿ ಹೆಚ್ಚು ಸುರಕ್ಷಿತವೆಂಬುದನ್ನು ಅವರು ತಾವಾಗಿಯೇ ಕಂಡುಕೊಂಡರು. ಶಿಕ್ಷಕಿ ಒಂದೇ ಒಂದು ವಿಷಯ ಕೇಳಿದರು: ರಸ್ತೆಯ ಕಡೆಗೆ ಒಂದು ಕುಡಿಯುವ ನೀರಿನ ನಲ್ಲಿ. ಭವನದ ಬಾಡಿಗೆ ಊರಿನ ಎಲ್ಲರಿಗೂ ಒಂದೇ ಆಗಿರಬೇಕೆಂಬ ನಿರ್ಣಯವನ್ನೂ ಅದೇ ದಿನ ಬರೆದುಕೊಂಡರು. ಇದು ನಕ್ಷೆಯಲ್ಲಿ ಕಾಣುವ ವಿಷಯವಲ್ಲ. ಆದರೆ ಇದಿಲ್ಲದಿದ್ದರೆ ಜಗಲಿ ಬರಿಯ ಅಲಂಕಾರವಾಗಿ ಉಳಿಯುತ್ತಿತ್ತು.

ಕಟ್ಟಡ ಎದ್ದು ಮೊದಲ ಮಳೆಗಾಲದಲ್ಲಿ ನಾನು ನೋಡಲು ಹೋದೆ. ಸಂತೆಯ ದಿನ. ಸೊಪ್ಪು ಮಾರುವವರು ಬುಟ್ಟಿಗಳನ್ನು ಜಗಲಿಗೇರಿಸಿ ಕುಳಿತಿದ್ದರು. ಆಸ್ಪತ್ರೆಯ ಚೀಟಿ ಕೈಯಲ್ಲಿ ಹಿಡಿದ ಒಬ್ಬ ಮುದುಕ ಕಟ್ಟೆಯ ಮೇಲೆ ಕಾಲು ಚಾಚಿದ್ದ. ಜಾಲಂಧ್ರದ ಸಂದುಗಳಲ್ಲಿ ಯಾರದೋ ಮಕ್ಕಳು ಕಣ್ಣಿಟ್ಟು ಒಳಗೆ ನಡೆಯುತ್ತಿದ್ದ ಮದುವೆಯನ್ನು ನೋಡುತ್ತಿದ್ದರು. ಮದುವೆ ಆ ಸಭೆಯವರದಾಗಿರಲಿಲ್ಲ. ಹಿಂದಿನ ಬೀದಿಯ ಮಗ್ಗದವರ ಮನೆಯದು. ಹಿಂಬದಿಯಲ್ಲಿ ಹಳೆಯ ದೇವಾಲಯ ಮಳೆಯಲ್ಲಿ ನೆನೆಯುತ್ತ ಸುಮ್ಮನೆ ನಿಂತಿತ್ತು. ಗೆದ್ದೆನೆಂದುಕೊಂಡೆ.

ಅದು ಆತುರದ ತೀರ್ಮಾನವಾಗಿತ್ತು. ಮೂರು ವರ್ಷಗಳ ಅನಂತರ ಆ ದಾರಿಯಾಗಿ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ: ಜಗಲಿಯ ಕಂಬದಿಂದ ಕಂಬಕ್ಕೆ ಕಬ್ಬಿಣದ ಜಾಳಿಗೆ ಬಂದಿತ್ತು. ಎದೆಗೆ ಯಾರೋ ಗುದ್ದಿದಂತಾಯಿತು. ಇಳಿದು ಹೋಗಿ ವಿಚಾರಿಸಿದೆ. ರಾತ್ರಿ ಇಸ್ಪೀಟು ಆಡುವವರು ಬಂದು ಸೇರಿದ್ದರು, ಕುಡಿದು ಮಲಗುವವರಿದ್ದರು, ಬೆಳಗ್ಗೆ ಕಟ್ಟೆಯ ಕಲ್ಲುಗಳೆಲ್ಲ ಎಲೆಯಡಿಕೆಯ ಉಗುಳಿನಿಂದ ಕೆಂಪಾಗಿರುತ್ತಿದ್ದವು. ತೊಳೆದು ತೊಳೆದು ಸಾಕಾಗಿ, ಸಭೆಯವರು ಚಂದಾ ಎತ್ತಿ ಜಾಳಿಗೆ ಹಾಕಿಸಿದ್ದರು. ಯಾರನ್ನು ದೂರಲಿ? ಜಗಲಿಯನ್ನು ಕೊಟ್ಟರೆ ಅದನ್ನು ಕಾಯುವವರನ್ನೂ ಕೊಟ್ಟಂತಾಯಿತೆಂದು ನಾನು ಎಣಿಸಿದ್ದೆ. ಹಳೆಯ ಮನೆಗಳ ಜಗಲಿ ತೆರೆದಿರುತ್ತಿತ್ತು, ನಿಜ. ಆದರೆ ಅಲ್ಲಿ ಒಬ್ಬ ಅಜ್ಜನೋ ಅಜ್ಜಿಯೋ ಸದಾ ಕುಳಿತಿರುತ್ತಿದ್ದರು. ಆ ಅಜ್ಜಿ ನನ್ನ ನಕ್ಷೆಯಲ್ಲಿರಲಿಲ್ಲ.

ಬೇಸರದಿಂದ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ರಾತ್ರಿ ಆ ಊರಿನಲ್ಲೇ ತಂಗಿ, ಮುಂಜಾನೆಯ ಮೊದಲ ಬಸ್ಸು ಹಿಡಿಯಲು ಐದು ಗಂಟೆಗೆ ಅದೇ ರಸ್ತೆಗೆ ಬಂದೆ. ಆಗ ಕಂಡದ್ದನ್ನು ಹೇಳಿ ನನ್ನ ಮಾತು ಮುಗಿಸುತ್ತೇನೆ. ಹೂವಿನ ಬುಟ್ಟಿಯನ್ನು ತಲೆಯ ಮೇಲೆ ಹೊತ್ತ ಒಬ್ಬ ಹೆಂಗಸು ಕತ್ತಲಲ್ಲಿ ನಡೆದು ಬಂದಳು. ಹಣೆಯಲ್ಲಿ ಕಾಸಗಲ ಕುಂಕುಮ. ಬುಟ್ಟಿಯನ್ನು ತಗ್ಗು ಗೋಡೆಯ ಮೇಲಿಳಿಸಿ, ಸೆರಗಿನ ತುದಿಯ ಗಂಟನ್ನು ಬಿಚ್ಚಿ, ಕೀಲಿಕೈಯನ್ನು ತೆಗೆದು, ಜಾಳಿಗೆಯ ಬಾಗಿಲ ಬೀಗವನ್ನು ತೆರೆದಳು. ಎರಡು ಬಾಗಿಲನ್ನೂ ಪೂರ್ತಿಯಾಗಿ ಮಡಿಸಿ ಕಂಬಕ್ಕೆ ಕಟ್ಟಿದಳು. ನಲ್ಲಿಯ ನೀರು ಹಿಡಿದು ಕಟ್ಟೆಯ ಮೇಲೆ ಚೆಲ್ಲಿ, ಪೊರಕೆಯಾಡಿಸಿ, ತನ್ನ ಜಾಗದಲ್ಲಿ ಕುಳಿತು ಹೂ ಕಟ್ಟತೊಡಗಿದಳು.

ಬಸ್ಸನ್ನು ಬಿಟ್ಟೆ. ಬೆಳಕು ಹರಿದ ಮೇಲೆ ಆ ಹಿರಿಯರ ಮನೆಗೆ ಹೋಗಿ, ಕೀಲಿಕೈ ಆಕೆಯ ಕೈಗೆ ಹೇಗೆ ಹೋಯಿತೆಂದು ಕೇಳಿದೆ. "ಹೊದಿಕೆ" ಬೇಕೆಂದಿದ್ದ ಆ ಹಿರಿಯರು ನನ್ನ ಪ್ರಶ್ನೆಯಲ್ಲಿ ವಿಶೇಷವೇನಿದೆ ಎಂಬಂತೆ ನೋಡಿದರು. "ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಆಕೆಯೇ ಅಲ್ಲವೇ? ರಾತ್ರಿ ಬೀಗ ಹಾಕುವವನು ಚಹಾದಂಗಡಿಯವನು, ಕೊನೆಗೆ ಹೋಗುವವನು ಅವನೇ" ಎಂದರು. ಸಭೆಯ ಎಪ್ಪತ್ತು ಮನೆಗಳಲ್ಲಿ ಒಂದಕ್ಕೂ ಸೇರದ ಇಬ್ಬರ ಕೈಯಲ್ಲಿ ಆ ಜಗಲಿಯ ಕೀಲಿ ಇತ್ತು. ಇದನ್ನು ಯಾವ ಸಭೆಯೂ ನಿರ್ಣಯಿಸಿರಲಿಲ್ಲ, ಯಾವ ವಾಸ್ತುಶಿಲ್ಪಿಯೂ ಬರೆದಿರಲಿಲ್ಲ.

ಕಟ್ಟಡವನ್ನು ಊರಿಗೆ ಸೇರಿಸುವುದು ವಾಸ್ತುಶಿಲ್ಪಿಯಲ್ಲ. ಊರಿನವರು ಮತ್ತು ಕಟ್ಟಡದವರು ಕೂಡಿಯೇ ಅದನ್ನು ನಿಧಾನವಾಗಿ ಸೇರಿಸಿಕೊಳ್ಳುತ್ತಾರೆ. ಅವರಿಬ್ಬರೂ ಒಬ್ಬರನ್ನೊಬ್ಬರು ದಿನವೂ ಕಾಣುವುದಕ್ಕೆ ಒಂದಿಷ್ಟು ಜಾಗ, ಕೂರುವುದಕ್ಕೆ ಒಂದು ಕಲ್ಲು, ಮಳೆಗೆ ಒಂದು ಸೂರು, ಇಷ್ಟನ್ನು ಒದಗಿಸುವುದು ನಮ್ಮ ಪಾಲಿನ ಕೆಲಸ. ಒದಗಿಸದಿದ್ದರೆ ಕೀಲಿ ಕೊಡುವ ಸಂದರ್ಭವೇ ಒದಗುವುದಿಲ್ಲ. ಜಾಳಿಗೆಯ ಮೇಲೆ ನನಗಿದ್ದ ಕೋಪ ಅಂದೇ ಇಳಿಯಿತು. ಅದು ಇಂದಿಗೂ ಅಲ್ಲಿದೆ. ಹಗಲೆಲ್ಲ ಮಡಿಸಿ, ಕಂಬಕ್ಕೆ ಕಟ್ಟಿರುತ್ತದೆ.